ಅಂಡಮಾನ್‌ಗೆ ಹಡಗಿನಲ್ಲಿ ಹೋಗಬೇಕಾ, ವಿಮಾನದಲ್ಲಾ? ಹೋಗಿ ಬಂದವರು ಹೇಳಿ

ಹೊಸಪಯಣಿಗ ಕೇಳಿದ್ದು:

ನಮಸ್ಕಾರ ಎಲ್ಲರಿಗೂ. ಬರುವ ಫೆಬ್ರವರಿಯಲ್ಲಿ ಅಂಡಮಾನ್‌ಗೆ ಹೋಗುವುದು ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು, ಜೊತೆಗೆ ನಮ್ಮತ್ತೆ. ಅತ್ತೆಗೆ ಅರವತ್ತೇಳು ವರ್ಷ. ಮೊಣಕಾಲು ಸ್ವಲ್ಪ ತಕರಾರು ಮಾಡುತ್ತದೆ, ಅದು ಬಿಟ್ಟರೆ ನಮಗಿಂತ ಗಟ್ಟಿ.

ಎಲ್ಲ ಸರಿಯಾಗೇ ಇತ್ತು. ಮೊನ್ನೆ ನಾನು ವಿಮಾನದ ಟಿಕೆಟ್ ನೋಡುತ್ತಿದ್ದಾಗ ಅತ್ತೆ ಪಕ್ಕದಲ್ಲಿ ಬಂದು ಕೂತು, "ಅದರಲ್ಲಾದ್ರೆ ನಾನು ಬರಲ್ಲಪ್ಪ, ನೀವು ಹೋಗ್ಬನ್ನಿ" ಅಂದರು. ಎಷ್ಟು ಹೇಳಿದರೂ ಅಷ್ಟೇ. ಕೊನೆಗೆ ಅವರೇ ಒಂದು ದಾರಿ ತೋರಿಸಿದರು. ಚೆನ್ನೈಯಿಂದ ಹಡಗು ಇದೆಯಂತೆ, ಅದರಲ್ಲಾದರೆ ಬರುತ್ತಾರಂತೆ. ನಾನು ತಮಾಷೆ ಅಂದುಕೊಂಡೆ. ಹುಡುಕಿ ನೋಡಿದರೆ ನಿಜವಾಗಿಯೂ ಇದೆ!

ಈಗ ಮನೆಯಲ್ಲಿ ಎರಡು ಪಾರ್ಟಿ ಆಗಿದೆ. ಮಗಳು ಅಜ್ಜಿಯ ಕಡೆ. ಹೆಂಡತಿ, "ಮೂರು ದಿನ ನೀರು ನೋಡ್ಕೊಂಡು ಕೂತ್ಕೊಳ್ಳೋಕೆ ರಜೆ ಹಾಕ್ಬೇಕಾ?" ಅನ್ನುತ್ತಾಳೆ. ಒಟ್ಟು ಹತ್ತು ದಿನ ರಜೆ ಇದೆ. ನಾನು ನಡುವೆ ಸಿಕ್ಕಿಕೊಂಡಿದ್ದೇನೆ.

ಹಡಗಿನಲ್ಲಿ ಹೋದವರು ಯಾರಾದರೂ ಇದ್ದೀರಾ? ವಾಂತಿ ಗೀಂತಿ ಹೇಗೆ? ವಯಸ್ಸಾದವರಿಗೆ ಆಗುತ್ತಾ? ಅಲ್ಲಿ ಇಳಿದ ಮೇಲೆ ಮೊದಲ ಒಂದೆರಡು ದಿನ ಹೇಗಿರುತ್ತದೆ ಅಂತಲೂ ಹೇಳಿ. ಫೋಟೋದಲ್ಲಿ ಇರೋ ತರಾನೇ ಇದೆಯಾ, ಅಥವಾ ಅದೆಲ್ಲ ಸುಮ್ನೆ ಬಣ್ಣ ಹಾಕಿದ್ದಾ?

ಬೋರ್ಡಿಂಗ್‌ಪಾಸ್ ಉತ್ತರ:

ವಿಮಾನ. ಇದರಲ್ಲಿ ಯೋಚನೆ ಮಾಡೋದು ಏನಿದೆ ಸಾರ್? ಚೆನ್ನೈಯಿಂದ ಎರಡು ಗಂಟೆ ಚಿಲ್ಲರೆ. ಬೆಳಿಗ್ಗೆ ಹತ್ತಿದರೆ ಮಧ್ಯಾಹ್ನದ ಊಟ ಅಲ್ಲಿ. ಹಡಗಿನಲ್ಲಿ ಹೋಗಿ ಬರುವುದಕ್ಕೇ ಆರು ದಿನ ಬೇಕು, ಉಳಿಯುವುದು ನಾಲ್ಕೇ ದಿನ. ಅದೂ ಹಡಗು ಹೇಳಿದ ದಿನವೇ ಹೊರಟರೆ. ನನ್ನ ಸ್ನೇಹಿತನೊಬ್ಬ ಹಡಗು ನಂಬಿಕೊಂಡು ಹೋಟೆಲ್ ಬುಕ್ ಮಾಡಿ ಎರಡು ರಾತ್ರಿಯ ದುಡ್ಡು ಕಳೆದುಕೊಂಡ. ಅತ್ತೆಯವರಿಗೆ ನಡುವಿನ ಸೀಟು ಕೊಡಿ, ಕಿಟಕಿ ಮುಚ್ಚಿ, ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿ. ಮಾತಾಡುತ್ತಾ ತಲುಪಿಬಿಡುತ್ತಾರೆ.

ಡ್ರೈವರ್‌ಮಗಳು ಉತ್ತರ:

ಮೇಲಿನವರು ಹೇಳಿದ್ದು ತಪ್ಪಲ್ಲ. ಆದರೆ ನಿಮ್ಮತ್ತೆಯ ಕಥೆ ನಮ್ಮಪ್ಪನ ಕಥೆ. ಅದಕ್ಕೇ ಬರೆಯಲು ಕೂತೆ. ಉದ್ದ ಆಗುತ್ತದೆ, ಬೈಕೋಬೇಡಿ.

ನಮ್ಮಪ್ಪ 34 ವರ್ಷ ಬಸ್ ಓಡಿಸಿದವರು. ಅದರಲ್ಲಿ ಹೆಚ್ಚಿನ ವರ್ಷ ಘಾಟಿ ರೂಟು, ರಾತ್ರಿ ಡ್ಯೂಟಿ. ಮಂಜಿನಲ್ಲಿ ಒಂದು ಕೈ ಕಿಟಕಿಯಿಂದ ಹೊರಗಿಟ್ಟು ಗಾಜು ಒರೆಸಿಕೊಂಡು ಬಸ್ಸು ಇಳಿಸಿದ ಮನುಷ್ಯ. ಆದರೆ ವಿಮಾನ ಅಂದರೆ ಆಗುವುದಿಲ್ಲ. ಕಾರಣ ಕೇಳಿದರೆ, "ಕೆಟ್ಟರೆ ಸೈಡಿಗೆ ಹಾಕೋಕಾಗಲ್ಲ" ಅನ್ನುತ್ತಾರೆ. ಹಡಗನ್ನೂ ಸೈಡಿಗೆ ಹಾಕೋಕಾಗಲ್ಲ ಅಲ್ವಾ ಅಂದರೆ, "ಅದು ನಿಂತಲ್ಲೇ ನಿಲ್ಲುತ್ತೆ" ಅಂದರು. ನಾನು ಸೋತೆ. 2019ರ ಫೆಬ್ರವರಿಯಲ್ಲಿ ನಾವಿಬ್ಬರೂ ಚೆನ್ನೈಯಲ್ಲಿ ಹಡಗು ಹತ್ತಿದೆವು. ಹೇಳಿದ ದಿನಕ್ಕಿಂತ ಒಂದು ದಿನ ತಡವಾಗಿ. ಆ ಒಂದು ದಿನವನ್ನು ಲಾಡ್ಜ್‌ನಲ್ಲಿ ಕಳೆದೆವು.

ಹೊರಟಿದ್ದು ಮಂಗಳವಾರ ಸಂಜೆ 4-40ಕ್ಕೆ. ಇಷ್ಟು ನಿಖರವಾಗಿ ಹೇಗೆ ಗೊತ್ತು ಅಂದರೆ, ಅಪ್ಪ ಒಂದು ಸಣ್ಣ ನೋಟ್‌ಬುಕ್ ತಂದಿದ್ದರು. ಟ್ರಿಪ್ ಶೀಟ್ ಬರೆಯುವ ಅಭ್ಯಾಸ ನಿವೃತ್ತಿಯಾದರೂ ಹೋಗಿಲ್ಲ. ಬಂದರಿನಿಂದ ಹಡಗು ತಾನಾಗಿ ಹೊರಡುವುದಿಲ್ಲ. ಟಗ್ ಅಂತ ಸಣ್ಣ ದೋಣಿಗಳು ಬಂದು ಅದನ್ನು ಎಳೆದು, ನೂಕಿ, ತಿರುಗಿಸಿ ಬಿಡುತ್ತವೆ. ಅಪ್ಪ ರೇಲಿಂಗ್ ಹಿಡಿದು ನೋಡುತ್ತಾ, "ಇಷ್ಟು ದೊಡ್ಡ ಗಾಡಿಗೆ ಕ್ಲೀನರ್ ಎಷ್ಟು ಚಿಕ್ಕವನು ನೋಡು, ಆದ್ರೂ ರೈಟ್ ರೈಟ್ ಹೇಳೋನು ಅವನೇ" ಅಂದರು.

ಮೊದಲು ಬೇಸರದ ಮಾತು ಹೇಳಿಬಿಡುತ್ತೇನೆ. ನಾವು ಹೋಗಿದ್ದು ಬಂಕ್ ಕ್ಲಾಸ್‌ನಲ್ಲಿ. ಕೆಳಗಿನ ಡೆಕ್, ರೈಲಿನ ಸ್ಲೀಪರ್ ಬೋಗಿಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿದ ಹಾಗೆ ಸಾಲು ಸಾಲು ಮಂಚ, ಕೆಳಗೊಂದು ಮೇಲೊಂದು. ಕಿಟಕಿ ಇಲ್ಲ. ಹಾಸಿಗೆ ಇದೆ, ಹೊದಿಕೆ ನಾವೇ ಒಯ್ಯಬೇಕು. ಎಂಜಿನ್ನಿನ ನಡುಕ ದಿಂಬಿನ ಮೂಲಕ ಹಲ್ಲಿಗೆ ಬರುತ್ತದೆ. ಮೂರನೇ ದಿನದ ಶೌಚಾಲಯದ ಬಗ್ಗೆ ಬರೆಯುವುದಿಲ್ಲ. ನಿಮ್ಮತ್ತೆಗೆ ಮೊಣಕಾಲು ನೋವು ಅಂದಿರಿ. ಹಾಗಾದರೆ ಬಂಕ್ ಬೇಡವೇ ಬೇಡ, ಕ್ಯಾಬಿನ್ ಮಾಡಿಸಿ. ಹಡಗಿನ ಮೆಟ್ಟಿಲು ನಮ್ಮ ಮನೆ ಮೆಟ್ಟಿಲಿನ ಹಾಗಲ್ಲ. ಕಡಿದಾಗಿ, ಏಣಿಯ ಹಾಗಿರುತ್ತವೆ. ಊಟಕ್ಕೆ, ಗಾಳಿಗೆ ದಿನಕ್ಕೆ ಹತ್ತು ಸಲ ಹತ್ತಿ ಇಳಿಯಬೇಕು. ಊಟ ಹೊಟ್ಟೆ ತುಂಬುತ್ತದೆ, ಅಷ್ಟೇ. ಅನ್ನ, ಸಾರು, ಮೊಟ್ಟೆ, ಎರಡು ದಿನ ಮೀನು. ಉಪ್ಪಿನಕಾಯಿ ಬಾಟಲಿ ಒಯ್ಯಿರಿ. ಅದೊಂದರಿಂದ ನಮಗೆ ಅಕ್ಕಪಕ್ಕದಲ್ಲಿ ಎಂಟು ಜನ ಸ್ನೇಹಿತರಾದರು.

ವಾಂತಿ ಆಯಿತಾ ಅಂದರೆ, ಆಯಿತು, ನನಗೆ. ಅಪ್ಪನಿಗೆ ಏನೂ ಇಲ್ಲ! ಫೆಬ್ರವರಿಯ ಬಂಗಾಳ ಕೊಲ್ಲಿ ಶಾಂತವಾಗೇ ಇರುತ್ತದೆ, ಆದರೂ ಎರಡನೇ ದಿನ ಬೆಳಿಗ್ಗೆ ನಾನು ಬಂಕ್‌ನಲ್ಲಿ ಮಲಗಿಕೊಂಡು ಫೋನ್ ನೋಡುತ್ತಿದ್ದೆ, ತಲೆ ತಿರುಗಿತು. ಅಪ್ಪ ಕೈ ಹಿಡಿದು ಮೇಲಿನ ಡೆಕ್‌ಗೆ ಎಳೆದುಕೊಂಡು ಹೋದರು. "ಹತ್ತಿರ ನೋಡ್ಬೇಡ. ದೂರ ನೋಡು. ಆ ಗೆರೆ ಇದೆಯಲ್ಲ, ಅದನ್ನೇ ನೋಡ್ತಾ ಇರು." ಘಾಟಿಯಲ್ಲಿ ಪ್ರಯಾಣಿಕರಿಗೆ ಹೇಳುತ್ತಿದ್ದ ಮಾತೇ ಇದು. ಕಡಲು ಆಕಾಶ ಸೇರುವ ಗೆರೆ ಮಾತ್ರ ಅಲುಗಾಡುವುದಿಲ್ಲ, ಉಳಿದಿದ್ದೆಲ್ಲ ಅಲುಗಾಡುತ್ತದೆ. ಅರ್ಧ ಗಂಟೆಯಲ್ಲಿ ಸರಿಹೋಯಿತು. ಮಾತ್ರೆ ತಗೊಳ್ಳುವುದಾದರೆ ಹಡಗು ಹತ್ತುವ ಮೊದಲೇ ತಗೊಳ್ಳಬೇಕು, ವಾಂತಿ ಶುರುವಾದ ಮೇಲೆ ನುಂಗಿದರೆ ಅದೂ ಹೊರಗೇ. ಅತ್ತೆಯವರು ಬೇರೆ ಔಷಧಿ ತಗೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳಿ. ಕ್ಯಾಬಿನ್ ಆರಿಸಲು ಬಿಟ್ಟರೆ ಹಡಗಿನ ನಡುಭಾಗದ್ದು ಕೇಳಿ, ಮುಂದಿನ ತುದಿಯಲ್ಲಿ ಕುಲುಕಾಟ ಜಾಸ್ತಿ.

ಇನ್ನು ಒಳ್ಳೆಯದು.

ಮೊದಲ ದಿನ ಸಂಜೆ ನೀರು ಹಸಿರು. ರಾತ್ರಿಯ ಹೊತ್ತಿಗೆ ಫೋನ್ ಸಿಗ್ನಲ್ ಹೋಯಿತು. ಎರಡನೇ ದಿನ ಎದ್ದು ನೋಡಿದರೆ ಕಡುನೀಲಿ, ಶಾಯಿಯ ಹಾಗೆ. ಒಂದು ಲೋಟ ಎತ್ತಿಕೊಂಡರೆ ಅದೂ ನೀಲಿಯಾಗೇ ಬರುತ್ತದೇನೋ ಅನ್ನಿಸುವಷ್ಟು. ಅಪ್ಪನಿಗೆ ಒಂದೇ ಚಿಂತೆ. "ಮೈಲಿಗಲ್ಲೇ ಇಲ್ವಲ್ಲ. ಎಲ್ಲಿಗೆ ಬಂದ್ವಿ ಅಂತ ಗೊತ್ತಾಗೋದು ಹೇಗೆ?" ಮರ ಇಲ್ಲ, ಊರು ಇಲ್ಲ, ಎದುರಿಗೆ ಬರುವ ಗಾಡಿ ಇಲ್ಲ. ನೋಟ್‌ಬುಕ್‌ನಲ್ಲಿ ಏನಾದರೂ ಬರೆಯಲೇಬೇಕಲ್ಲ. ಆ ದಿನದ ಪುಟ ಈಗಲೂ ನನ್ನ ಹತ್ತಿರ ಇದೆ. ಇದ್ದದ್ದು ಇದ್ದ ಹಾಗೆ ಹಾಕುತ್ತೇನೆ:

"ಬುಧವಾರ. 6-10. ನೀರು ನೀಲಿ. ಎಡಕ್ಕೆ ಏನಿಲ್ಲ. ಬಲಕ್ಕೆ ಏನಿಲ್ಲ.
9-30. ನೀರು ನೀಲಿ. ಮೀನು ಹಾರಿತು.
12-15. ಅನ್ನ, ಬೇಳೆ. ಬಲಕ್ಕೆ ಏನಿಲ್ಲ.
5-20. ದೂರದಲ್ಲಿ ಹಡಗು 1. ನಮ್ಮ ಕಡೆ ತಿರುಗಲಿಲ್ಲ."

ಹಾರಿದ್ದು ನಿಜವಾದ ಮೀನೇ. ಹಾರುವ ಮೀನು ಅಂತಲೇ ಕರೆಯುತ್ತಾರೆ. ಹಡಗು ಸೀಳಿಕೊಂಡು ಹೋಗುವ ನೀರಿನಿಂದ ಮಿಡತೆಗಳ ಹಾಗೆ ಎದ್ದು, ರೆಕ್ಕೆ ಅಗಲಿಸಿ, ನೀರಿಗೆ ತಾಗುತ್ತಾ ತಾಗದೆ ದೂರ ಹೋಗಿ ಮುಳುಗುತ್ತವೆ. ನಿಮ್ಮ ಮಗಳು ಇದನ್ನು ಬಿಟ್ಟು ಊಟಕ್ಕೂ ಬರುವುದಿಲ್ಲ, ಬರೆದಿಟ್ಟುಕೊಳ್ಳಿ.

ಚೆನ್ನೈಯಿಂದ ಪೋರ್ಟ್ ಬ್ಲೇರ್ ಸುಮಾರು 1,200 ಕಿಲೋಮೀಟರ್. ನಮಗೆ 64 ಗಂಟೆ ಹಿಡಿಯಿತು. ಅಪ್ಪ ಭಾಗಾಕಾರ ಮಾಡಿ ನೋಡಿ, "ಗಂಟೆಗೆ ಇಪ್ಪತ್ತೂ ಬರಲ್ಲ! ನಾನು ಫುಲ್ ಲೋಡ್‌ನಲ್ಲಿ ಘಾಟಿ ಹತ್ತಿಸುವಾಗಲೂ ಇದಕ್ಕಿಂತ ಜಾಸ್ತಿ ಓಡಿಸ್ತಿದ್ದೆ" ಅಂದರು. ಪಕ್ಕದ ಬಂಕ್‌ನ ಹೆಂಗಸು ನಕ್ಕುಬಿಟ್ಟರು. ಭಾಷೆ ಅರ್ಥವಾಗಲಿಲ್ಲ, ಮುಖ ಅರ್ಥವಾಯಿತು. ಅವರು ಬಂಗಾಳಿ, ಅಂಡಮಾನ್‌ನದೇ ಒಂದು ದ್ವೀಪವಾದ ಹ್ಯಾವ್‌ಲಾಕ್‌ನವರು. ಚೆನ್ನೈ ಆಸ್ಪತ್ರೆಯಲ್ಲಿ ಗಂಡನಿಗೆ ಚಿಕಿತ್ಸೆ ಮಾಡಿಸಿಕೊಂಡು ವಾಪಸ್ ಹೊರಟಿದ್ದರು. ಮಂಚದ ಕೆಳಗೆ ಹೊಸ ಮಿಕ್ಸಿ, ಎರಡು ಕುಕ್ಕರ್, ಒಂದು ಸೀಲಿಂಗ್ ಫ್ಯಾನ್. ದೇಶ ಭಾಗವಾದ ಮೇಲೆ ಪೂರ್ವ ಬಂಗಾಳದಿಂದ ಓಡಿಬಂದ ಕುಟುಂಬಗಳಿಗೆ ಸರ್ಕಾರ ಅಲ್ಲಿ ಜಮೀನು ಕೊಟ್ಟಿತ್ತು. ಅವರ ಮಾವನೂ ಹೀಗೇ ಹಡಗಿನಲ್ಲಿ ಬಂದವರಂತೆ, ಕಾಡು ಕಡಿದು ಗದ್ದೆ ಮಾಡಿದವರಂತೆ. ಆ ಹಡಗಿನಲ್ಲಿ ಪ್ರವಾಸಿಗಳು ಅಂತ ನಾವು ಹತ್ತಿಪ್ಪತ್ತು ಜನ ಇದ್ದೆವೋ ಏನೋ. ಉಳಿದವರಿಗೆಲ್ಲ ಅದು ಊರಿಗೆ ಹೋಗುವ ಬಸ್ಸು. ಇದು ಅಪ್ಪನಿಗೆ ಬಹಳ ಹಿಡಿಸಿತು. ಆಮೇಲಿಂದ ಹಡಗನ್ನು ಬೈಯುವುದು ನಿಲ್ಲಿಸಿದರು.

ಶುಕ್ರವಾರ ಬೆಳಿಗ್ಗೆ ಐದೂಮುಕ್ಕಾಲಕ್ಕೆ ಯಾರೋ ಕೂಗಿದರು. ಎಲ್ಲರೂ ಮೇಲೆ ಓಡಿದೆವು. ಕಡಲಿನ ಮೇಲೆ ಕಪ್ಪಗೆ ಒಂದು ಗುಡ್ಡದ ಸಾಲು. ನಾನು ಏನೋ ಮರಳು, ತೆಂಗಿನಮರ ಅಂತ ಅಂದುಕೊಂಡಿದ್ದೆ. ಕಂಡಿದ್ದು ಬರೀ ಕಾಡು. ನೀರಿನ ಅಂಚಿನವರೆಗೂ ಇಳಿದ ಕಾಡು, ಮೇಲೆ ಮಂಜು. ಬಂದರು ಇರುವುದು ದ್ವೀಪದ ಪೂರ್ವಕ್ಕೆ, ನಾವು ಬರುವುದು ಪಶ್ಚಿಮದಿಂದ. ಹಾಗಾಗಿ ಹಡಗು ಸುತ್ತು ಹಾಕಿಕೊಂಡು ಹೋಗುತ್ತದೆ. ಹತ್ತಿರವಾದಂತೆ ಗಾಳಿಯ ವಾಸನೆ ಬದಲಾಯಿತು. ಮೂರು ದಿನ ಬರೀ ಉಪ್ಪು ಮತ್ತು ಡೀಸೆಲ್. ಈಗ ಒದ್ದೆ ಎಲೆ, ಒಲೆಯ ಹೊಗೆ. ವಿಮಾನದಲ್ಲಿ ಹೋದವರಿಗೆ ಈ ವಾಸನೆ ಸಿಗುವುದಿಲ್ಲ. ನಾನು ಹಡಗಿನ ಪರವಾಗಿ ಹೇಳುವ ಒಂದೇ ಒಂದು ಮಾತು ಇದ್ದರೆ ಅದು ಇದೇ.

ಆಗ ಅಪ್ಪ ಅಂಗಿ ಜೇಬಿನಿಂದ 20 ರೂಪಾಯಿ ನೋಟು ತೆಗೆದರು. ಹಳೆಯ ಕೆಂಪು ನೋಟು. ಪಕ್ಕದ ಬಂಕ್‌ನವರು ಹಿಂದಿನ ದಿನ ಹೇಳಿಕೊಟ್ಟಿದ್ದರಂತೆ. ಅದರ ಹಿಂಬದಿಯಲ್ಲಿ ಕಡಲು, ಗುಡ್ಡ, ತೆಂಗಿನಮರ, ಒಂದು ಲೈಟ್‌ಹೌಸ್ ಇದೆಯಲ್ಲ, ಅದು ಪೋರ್ಟ್ ಬ್ಲೇರ್‌ನಿಂದ ಕಾಣುವ ನಾರ್ತ್ ಬೇ. ಎಷ್ಟು ವರ್ಷ ಆ ನೋಟನ್ನು ಎಣಿಸಿ ಕೊಟ್ಟಿದ್ದೇವೆ, ಒಂದು ದಿನವೂ ತಿರುಗಿಸಿ ನೋಡಿಲ್ಲ! ಅಪ್ಪ ನೋಟನ್ನು ಕಣ್ಣಿಗೆ ಹಿಡಿದು, ಇಳಿಸಿ, ಮತ್ತೆ ಹಿಡಿದು ಹೊಂದಿಸುತ್ತಾ ನಿಂತರು. "ಲೈಟ್‌ಹೌಸ್ ಸಿಕ್ತು" ಅಂದರು. ಹುಡುಗನ ಹಾಗೆ. ಅವರ ಮುಖ ಹಾಗೆ ಆಗಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಹ್ಯಾಡೋ ಬಂದರಿನಲ್ಲಿ 8-40ಕ್ಕೆ ಇಳಿದೆವು. ಇಳಿದ ಮೇಲೂ ನೆಲ ತೂಗುತ್ತಿತ್ತು. ಲಾಡ್ಜ್‌ನ ಬಚ್ಚಲಲ್ಲಿ ಕಣ್ಣು ಮುಚ್ಚಿ ತಲೆಗೆ ನೀರು ಹಾಕಿಕೊಂಡರೆ ಬೀಳುವ ಹಾಗಾಗುತ್ತಿತ್ತು. ಇದು ಒಂದು ದಿನ ಇರುತ್ತದೆ, ಗಾಬರಿ ಬೇಡ. ಊರು ಸಮತಟ್ಟಾಗಿ ಇರುತ್ತದೆ ಅಂತ ನಾನು ಅಂದುಕೊಂಡಿದ್ದೆ. ಎಲ್ಲ ಏರು ಇಳಿಜಾರು, ತಗಡಿನ ಮಾಡಿನ ಮನೆಗಳು, ರಸ್ತೆಯ ಪ್ರತಿ ತಿರುವಿನಲ್ಲೂ ಕೆಳಗೆ ಒಂದು ಚೂರು ಕಡಲು. ಮಧ್ಯಾಹ್ನ ಮಲಗಿ ಎದ್ದು, ಚಾ ಕುಡಿದು ಸುತ್ತಾಡೋಣ ಅಂತ ಹೊರಟರೆ ಕತ್ತಲೆ! ಐದೂವರೆಗೆ ಸೂರ್ಯ ಮುಳುಗಿಬಿಟ್ಟಿದ್ದ. ಅಪ್ಪ ಗಡಿಯಾರ ಕೆಟ್ಟಿದೆ ಅಂದುಕೊಂಡು ಕಿವಿಗೆ ಹಿಡಿದರು.

ಸೆಲ್ಯುಲರ್ ಜೈಲಿಗೆ ಮರುದಿನ ಹೋದೆವು. 1896ರಲ್ಲಿ ಕಟ್ಟಲು ಶುರು ಮಾಡಿ 1906ಕ್ಕೆ ಮುಗಿಸಿದ್ದು, ಏಳು ಸಾಲುಗಳಲ್ಲಿ ಈಗ ಉಳಿದಿರುವುದು ಮೂರು. ಅದರ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಬರೆಯುವುದಿಲ್ಲ. ಅಪ್ಪ ಒಂದು ಕೋಣೆಯೊಳಗೆ ನಿಂತು, ಮೇಲಿನ ಸಣ್ಣ ಕಿಂಡಿ ನೋಡಿ, "ಇವರನ್ನ ಕೆಳಗಿನ ಡೆಕ್‌ನಲ್ಲೇ ತಂದಿರ್ತಾರೆ" ಅಂದದ್ದು ಮಾತ್ರ ನೆನಪಿದೆ. ಕಾಲಾಪಾನಿ, ಅಂದರೆ ಕಪ್ಪು ನೀರು, ಅನ್ನುವ ಮಾತು ಆ ಕಡುನೀಲಿಯನ್ನು ಮೂರು ದಿನ ನೋಡಿ ಬಂದವರಿಗೆ ಬೇರೆ ತರ ಕೇಳಿಸುತ್ತದೆ.

ಇನ್ನು ಹ್ಯಾವ್‌ಲಾಕ್. ಫೋಟೋದಲ್ಲಿ ಬಣ್ಣ ಹಾಕಿದ್ದಾರಾ ಅಂತ ಕೇಳಿದಿರಿ. ಇಲ್ಲ. ಜೆಟ್ಟಿಯಲ್ಲಿ ಇಳಿದು ಕೆಳಗೆ ಬಗ್ಗಿ ನೋಡಿದರೆ ಕಂಬದ ಬುಡ, ಅದಕ್ಕೆ ಅಂಟಿದ ಚಿಪ್ಪು, ಸುತ್ತ ತಿರುಗುವ ಪಟ್ಟೆ ಮೀನು, ಎಲ್ಲ ಕಾಣುತ್ತದೆ. ದೋಣಿ ನೀರಿನ ಮೇಲಲ್ಲ, ಗಾಳಿಯಲ್ಲಿ ನಿಂತ ಹಾಗೆ, ಅದರ ನೆರಳು ತಳದ ಮರಳಿನ ಮೇಲೆ. ಅಲ್ಲಿ ಬೀಚ್‌ಗಳಿಗೆ ನಂಬರ್ ಇದೆ. ರಾಧಾನಗರ ಬೀಚ್ ಅಂದರೆ 7ನೇ ನಂಬರ್. ಅಪ್ಪನಿಗೆ ತುಂಬಾ ಖುಷಿ. "ಇದೊಂದು ಊರಿನೋರಿಗೆ ಬುದ್ಧಿ ಇದೆ, ರೂಟ್ ನಂಬರ್ ಕೊಟ್ಟಿದ್ದಾರೆ." ಆ 7ನೇ ನಂಬರಿನಲ್ಲಿ ಮರಳಿಗಿಂತ ನನಗೆ ಹಿಡಿಸಿದ್ದು ಹಿಂದಿನ ಮರಗಳು. ತಲೆ ಎತ್ತಿ ನೋಡಿದರೆ ಕುತ್ತಿಗೆ ನೋಯುವಷ್ಟು ಎತ್ತರ. ಕಾಡಿನಿಂದ ಹೊರಗೆ ಕಾಲಿಟ್ಟರೆ ನೇರ ಬೀಚ್, ನಡುವೆ ಏನೂ ಇಲ್ಲ.

ನಾವು ಉಳಿದಿದ್ದ ಕಡೆ ಮಾತ್ರ ಮೋಸ ಹೋದೆವು. "ಕಡಲಿಗೆ ಎದುರಿನ ರೂಮು" ಅಂತ ಜಾಸ್ತಿ ದುಡ್ಡು ತಗೊಂಡಿದ್ದರು. ಬೆಳಿಗ್ಗೆ ಬಾಗಿಲು ತೆಗೆದರೆ ಕಡಲೇ ಇಲ್ಲ. ಅರ್ಧ ಫರ್ಲಾಂಗು ದೂರ ಬರೀ ಕಲ್ಲು, ಕೆಸರು, ಸತ್ತ ಹವಳದ ತುಂಡು. ಸಂಜೆಗೆ ವಾಪಸ್ ಬಂತು.

ಆ ರಾತ್ರಿ ಒಂದು ಘಟನೆ ಆಯಿತು. ಅಪ್ಪ ಬೀಚ್‌ನಲ್ಲಿ ಬಿದ್ದ ಮರವೊಂದರ ಹತ್ತಿರ ಒಂದು ಚೆಂದದ ಶಂಖು ನೋಡಿ ಮೊಮ್ಮಗನಿಗೆ ಅಂತ ಜೇಬಿಗೆ ಹಾಕಿಕೊಂಡಿದ್ದರು. ಅಲ್ಲಿಂದ ಚಿಪ್ಪು, ಹವಳ ಎತ್ತಿಕೊಂಡು ಬರುವ ಹಾಗಿಲ್ಲ ಅಂತ ನನಗೂ ಆಗ ಗೊತ್ತಿರಲಿಲ್ಲ. ರೂಮಿಗೆ ಬಂದು ಮೇಜಿನ ಮೇಲೆ ಕನ್ನಡಕದ ಪಕ್ಕ ಇಟ್ಟರು. ಲೈಟ್ ಆರಿಸಿ ಮಲಗಿದೆವು. ಸ್ವಲ್ಪ ಹೊತ್ತಿಗೆ ಟಿಕ್, ಟಿಕ್ ಅಂತ ಸದ್ದು. ಟಾರ್ಚ್ ಹಾಕಿದರೆ ಶಂಖು ಮೇಜಿನ ತುದಿಯವರೆಗೆ ನಡೆದು ಬಂದಿದೆ! ಒಳಗಿನಿಂದ ಕೆಂಪು ಕಾಲುಗಳು, ಎರಡು ಕಡ್ಡಿಯಂಥ ಕಣ್ಣು. ಬೆಳಕು ಬಿದ್ದ ಕೂಡಲೇ ಎಲ್ಲ ಒಳಕ್ಕೆ. ಸನ್ಯಾಸಿ ಏಡಿ ಅದು, ಸತ್ತ ಹುಳುವಿನ ಚಿಪ್ಪಿನಲ್ಲಿ ಸಂಸಾರ ಹೂಡಿತ್ತು. ಅಪ್ಪ ಒಂದು ನಿಮಿಷ ಅದನ್ನೇ ನೋಡಿದರು. ಆಮೇಲೆ ಪಂಚೆ ಎತ್ತಿ ಕಟ್ಟಿ, ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಹೊರಟರು. ಬೆಳಿಗ್ಗೆ ಬಿಡೋಣ ಬನ್ನಿ ಅಂದೆ. "ಎಲ್ಲಿ ಹತ್ತಿಸಿದ್ನೋ ಅಲ್ಲೇ ಇಳಿಸ್ಬೇಕು" ಅಂದರು. ರಾತ್ರಿ ಹನ್ನೊಂದಕ್ಕೆ, ಟಾರ್ಚ್ ಹಿಡಿದು, ಅದೇ ಬಿದ್ದ ಮರ ಹುಡುಕಿಕೊಂಡು ಹೋಗಿ ಇಳಿಸಿ ಬಂದರು.

ದ್ವೀಪದಲ್ಲಿ_ನಾಲ್ಕುವರ್ಷ ಉತ್ತರ:

ಕೆಲಸದ ಮೇಲೆ ಪೋರ್ಟ್ ಬ್ಲೇರ್‌ನಲ್ಲಿ ನಾಲ್ಕು ವರ್ಷ ಇದ್ದೆ. ಡ್ರೈವರ್‌ಮಗಳು ಬರೆದಿದ್ದು ಓದಿ ಹ್ಯಾಡೋ ಬಂದರು ಕಣ್ಣ ಮುಂದೆ ಬಂತು. ಕೆಲವು ವಿಷಯ ಸೇರಿಸುತ್ತೇನೆ.

ಮೊದಲು ಹೆಸರಿನ ಗೊಂದಲ. ಹ್ಯಾವ್‌ಲಾಕ್‌ಗೆ 2018ರಿಂದ ಸ್ವರಾಜ್ ದ್ವೀಪ, ನೀಲ್ ಅನ್ನುವ ಇನ್ನೊಂದು ದ್ವೀಪಕ್ಕೆ ಶಹೀದ್ ದ್ವೀಪ ಅಂತ ಹೆಸರು. 2024ರಲ್ಲಿ ಪೋರ್ಟ್ ಬ್ಲೇರ್ ಕೂಡ ಶ್ರೀ ವಿಜಯಪುರಂ ಆಯಿತು. ಟಿಕೆಟ್‌ನಲ್ಲಿ ಹೊಸ ಹೆಸರು ನೋಡಿ ಗಾಬರಿ ಬೀಳಬೇಡಿ. ಆಟೋದವರು ಹಳೆಯ ಹೆಸರೇ ಹೇಳುತ್ತಾರೆ.

ಸೂರ್ಯ ಬೇಗ ಮುಳುಗುವುದಕ್ಕೆ ಕಾರಣ ಸುಲಭ. ದ್ವೀಪಗಳು ಅಷ್ಟು ಪೂರ್ವಕ್ಕಿವೆ, ಗಡಿಯಾರ ಮಾತ್ರ ನಮ್ಮದೇ. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೇ ಮುಳುಗುತ್ತದೆ. ಅದಕ್ಕೆ ತಕ್ಕಂತೆ ದಿನ ಹೊಂದಿಸಿಕೊಳ್ಳಿ. ಬೆಳಿಗ್ಗೆ ಆರಕ್ಕೆ ಹೊರಗಿರಿ, ಮಧ್ಯಾಹ್ನ ಮಲಗಿ, ಮೂರೂವರೆಗೆ ರಾಧಾನಗರ. ಮಕ್ಕಳು ಬೇಗ ಒಗ್ಗಿಕೊಳ್ಳುತ್ತಾರೆ, ನಮ್ಮಂಥವರಿಗೆ ಒಂದು ವಾರ ಬೇಕು.

ಕಡಲು ಕಾಣೆಯಾಗಿದ್ದು ಲಾಡ್ಜ್‌ನವರ ತಪ್ಪಲ್ಲ ಬಿಡಿ, ಹೇಳದೇ ಇದ್ದದ್ದು ತಪ್ಪು. ಹ್ಯಾವ್‌ಲಾಕ್‌ನ ಪೂರ್ವ ದಂಡೆ, ಅಂದರೆ 3 ಮತ್ತು 5ನೇ ನಂಬರ್ ಬೀಚ್‌ಗಳ ಕಡೆ, ತಳ ಬಹಳ ಆಳವಿಲ್ಲ. ಇಳಿತದ ಹೊತ್ತಿಗೆ ನೀರು ದೂರ ಹೋಗಿಬಿಡುತ್ತದೆ. ಹೋಟೆಲ್‌ಗಳು ಹೆಚ್ಚು ಇರುವುದೂ ಅದೇ ಕಡೆ. ರೂಮ್ ಮಾಡುವ ಮೊದಲು ನಿಮ್ಮ ದಿನಾಂಕಗಳಿಗೆ ಉಬ್ಬರ ಇಳಿತದ ಸಮಯ ನೋಡಿಕೊಳ್ಳಿ. ಈಜುವುದಕ್ಕೆ ಪಶ್ಚಿಮದ ರಾಧಾನಗರವೇ ಸರಿ. ಅಲ್ಲೂ ಲೈಫ್‌ಗಾರ್ಡ್ ಸೀಟಿ ಊದಿದರೆ ಮರುಮಾತಾಡದೆ ಮೇಲೆ ಬನ್ನಿ. ಅಂಡಮಾನ್‌ನಲ್ಲಿ ಉಪ್ಪುನೀರಿನ ಮೊಸಳೆ ಇದೆ, ಬೋರ್ಡುಗಳನ್ನು ಶೋಕಿಗೆ ಹಾಕಿಲ್ಲ.

ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್‌ಗೆ ಸರ್ಕಾರಿ ಫೆರ್ರಿಯಲ್ಲಿ ಎರಡೂವರೆ ಗಂಟೆ, ಖಾಸಗಿ ಬೋಟ್ ಸ್ವಲ್ಪ ಬೇಗ. ಸರ್ಕಾರಿ ಫೆರ್ರಿಯಲ್ಲಿ ಡೆಕ್ ಮೇಲೆ ನಿಲ್ಲಬಹುದು, ಖಾಸಗಿಯದರಲ್ಲಿ ಹೆಚ್ಚಾಗಿ ಎ.ಸಿ. ಒಳಗೇ ಕೂತಿರಬೇಕು. ವಾಂತಿಯ ಭಯ ಇದ್ದವರಿಗೆ ನಿಧಾನದ್ದೇ ವಾಸಿ. ಎಲ್ಲರ ಗುರುತಿನ ಚೀಟಿ ಕೈಯಲ್ಲಿರಲಿ. ಗಾಳಿ ಜಾಸ್ತಿಯಾದರೆ ಫೆರ್ರಿ ರದ್ದಾಗುತ್ತದೆ. ಹಾಗಾಗಿ ವಾಪಸ್ ಹೊರಡುವ ಹಿಂದಿನ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಿ, ಹ್ಯಾವ್‌ಲಾಕ್‌ನಲ್ಲಿ ಅಲ್ಲ.

ಮಗಳಿಗೆ ಒಂಬತ್ತು ಅಂದಿರಿ. ಸ್ಕೂಬಾಗೆ, ಅಂದರೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲಿನೊಳಗೆ ಇಳಿಯುವುದಕ್ಕೆ, ಸಾಮಾನ್ಯವಾಗಿ ಹತ್ತು ತುಂಬಿರಬೇಕು, ಅಲ್ಲಿ ಹೋಗಿ ಅವಳನ್ನು ಅಳಿಸಬೇಡಿ, ಮೊದಲೇ ಹೇಳಿಡಿ. ಸ್ನಾರ್ಕೆಲ್, ಅಂದರೆ ಉಸಿರಾಟದ ಕೊಳವೆ ಹಾಕಿಕೊಂಡು ನೀರಿನ ಮೇಲೆ ತೇಲುತ್ತಾ ಕೆಳಗೆ ನೋಡುವುದು, ಮಾಡಿಸಬಹುದು. ನೀವು ಸ್ಕೂಬಾ ಮಾಡುವುದಾದರೆ ಅದಾದ ಮೇಲೆ ಒಂದು ದಿನವಾದರೂ ವಿಮಾನ ಹತ್ತಬೇಡಿ. ಮೈಯಲ್ಲಿ ಕರಗಿದ ನೈಟ್ರೋಜನ್ ಹೊರಗೆ ಹೋಗಲು ಅಷ್ಟು ಹೊತ್ತು ಬೇಕು.

ನೆಟ್ವರ್ಕ್ ಈಗ ಪರವಾಗಿಲ್ಲ. ಚೆನ್ನೈಯಿಂದ ಸಮುದ್ರದ ತಳದಲ್ಲಿ ಎಳೆದ ಕೇಬಲ್ 2020ರ ಆಗಸ್ಟ್‌ನಲ್ಲಿ ಶುರುವಾಯಿತು. ಅದಕ್ಕೆ ಮೊದಲು ಒಂದು ಫೋಟೋ ಕಳಿಸಿ ಊಟ ಮುಗಿಸಿ ಬಂದರೂ ಹೋಗಿರುತ್ತಿರಲಿಲ್ಲ.

ಹೊಸಪಯಣಿಗ:

ಎಲ್ಲರಿಗೂ ಬಹಳ ಥ್ಯಾಂಕ್ಸ್. ಡ್ರೈವರ್‌ಮಗಳು ಮೇಡಂ, ನೀವು ಬರೆದಿದ್ದನ್ನು ರಾತ್ರಿ ಊಟ ಆದ ಮೇಲೆ ಅತ್ತೆಗೆ ಜೋರಾಗಿ ಓದಿ ಹೇಳಿದೆ. ಮಗಳು ಏಡಿಯ ಭಾಗವನ್ನು ಮೂರು ಸಲ ಓದಿಸಿದಳು. ಅತ್ತೆ ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದರು. "ಆ ಯಜಮಾನರು ವಾಪಸ್ ಹೇಗೆ ಬಂದ್ರು?" ನೀವು ಅದನ್ನು ಬರೆದೇ ಇಲ್ಲವಲ್ಲ!

ನನ್ನ ಲೆಕ್ಕ ಹೀಗಿದೆ. ಹೋಗುವಾಗ ಹಡಗು, ಕ್ಯಾಬಿನ್ ಸಿಕ್ಕರೆ ಮಾತ್ರ. ಬರುವಾಗ ವಿಮಾನ. ಹತ್ತು ದಿನದಲ್ಲಿ ಎರಡೂ ಕಡೆ ಹಡಗು ಆಗುವುದಿಲ್ಲ. ಆದರೆ ಬರುವಾಗ ಅತ್ತೆಯನ್ನು ವಿಮಾನ ಹತ್ತಿಸುವುದು ಹೇಗೆ ಅನ್ನುವುದು ಇದ್ದೇ ಇದೆ.

ಬೋರ್ಡಿಂಗ್‌ಪಾಸ್:

ಹೋಗುವಾಗ ಹಡಗು, ಬರುವಾಗ ವಿಮಾನ, ಇದು ಒಪ್ಪಬಹುದು. ಹಡಗು ತಡವಾದರೂ ರಜೆಯ ಮೊದಲಲ್ಲೇ ಗೊತ್ತಾಗುತ್ತೆ, ಕೊನೆಯಲ್ಲಿ ಸಿಕ್ಕಿಹಾಕಿಕೊಳ್ಳಲ್ಲ. ಮೊದಲ ಎರಡು ರಾತ್ರಿಗೆ ದುಡ್ಡು ವಾಪಸ್ ಕೊಡುವ ಹೋಟೆಲ್ ಮಾಡಿ.

ಡ್ರೈವರ್‌ಮಗಳು:

ಅಯ್ಯೋ, ಅದನ್ನು ಬರೆಯುವುದು ಬಿಟ್ಟೇಹೋಯಿತು.

ನಮ್ಮದೂ ವಾಪಸ್ ಹಡಗೇ ಅಂತಿತ್ತು. ಹೊರಡುವ ದಿನ ನಾಲ್ಕು ದಿನ ಮುಂದಕ್ಕೆ ಹೋಯಿತು. ನನಗೆ ರಜೆ ಮುಗಿದಿತ್ತು. ಅಪ್ಪನಿಗೆ ಹೇಗೆ ಹೇಳುವುದು ಅಂತ ಒಂದು ಮಧ್ಯಾಹ್ನ ಪೂರ್ತಿ ಸುಮ್ಮನೆ ಕೂತಿದ್ದೆ. ಕೊನೆಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಡ್ಯೂಟಿ ತಪ್ಪಿಸೋ ಹಾಗಿಲ್ಲ. ನಡಿ" ಅಂದರು. ಅಷ್ಟೇ. ನಾನು ಒಪ್ಪಿಸಲು ಹತ್ತು ಮಾತು ಸಿದ್ಧ ಮಾಡಿಕೊಂಡಿದ್ದೆ, ಒಂದೂ ಬೇಕಾಗಲಿಲ್ಲ. ನಿಮ್ಮತ್ತೆಗೂ ಮೊದಲೇ ವಾದ ಮಾಡಲು ಹೋಗಬೇಡಿ. ಅಲ್ಲಿ ಒಂದು ವಾರ ಕಳೆದ ಮೇಲೆ, ಮೊಮ್ಮಗಳ ಸ್ಕೂಲ್ ಶುರುವಾಗುತ್ತದೆ ಅಂತ ಹೇಳಿ. ಬರುತ್ತಾರೆ. ಬರದಿದ್ದರೆ ಮುಂದಿನ ಹಡಗಿಗೆ ಅವರ ಜೊತೆ ನೀವು ಬನ್ನಿ, ಅದಕ್ಕೆ ನಾನು ಜವಾಬ್ದಾರಿ ಅಲ್ಲ.

ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಅಪ್ಪ ಅಲ್ಲೇ ಕೂತರು. ಎರಡೂ ಕೈಯಲ್ಲಿ ಮುಂದಿನ ಸೀಟನ್ನು ಸ್ಟೇರಿಂಗ್ ಹಾಗೆ ಹಿಡಿದಿದ್ದರು. ಚೆನ್ನೈ ಬರುವವರೆಗೂ ಬಿಡಲಿಲ್ಲ. ಆಮೇಲೆ ಬ್ಯಾಗ್ ಬರುವುದನ್ನು ಕಾಯುತ್ತಾ ನೋಟ್‌ಬುಕ್ ತೆಗೆದು ಬರೆದರು. ಈಗ ತೆಗೆದು ನೋಡಿದೆ:

"ಹೊರಟಿದ್ದು 11-40. ಇಳಿದಿದ್ದು 1-55. ಬಿಸ್ಕತ್ತು 1, ನೀರು 1. ನೀರಿನ ಬಣ್ಣ: ನೋಡಲಿಲ್ಲ. ಕಣ್ಣು ಮುಚ್ಚಿದ್ದೆ."